ಅಮ್ಮ ಮಂಗಳೂರಿನಿಂದ ದುಬೈಗೆ ಒಬ್ಬರೇ: ಹೋಗಲು ಎರಡು ಗಂಟೆ, ಬರಲು ಐದು ಗಂಟೆ ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಕರಾಮ, ದುಬೈ (ಊರು ಪುತ್ತೂರಿನ ಹತ್ತಿರ)

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ 67 ವರ್ಷ. ಮೇ ಕೊನೆಯ ವಾರ ಮೊದಲ ಸಲ ನಮ್ಮಲ್ಲಿಗೆ ಬರುತ್ತಿದ್ದಾರೆ, ಅದೂ ಒಬ್ಬರೇ. ವಿಮಾನ ಹತ್ತಿದವರೇ ಅಲ್ಲ. ಇದುವರೆಗೆ ಮಾಡಿದ ದೂರದ ಪ್ರಯಾಣ ಅಂದರೆ ಊರವರ ಜೊತೆ ಬಸ್ಸಿನಲ್ಲಿ ತಿರುಪತಿಗೆ ಹೋಗಿಬಂದದ್ದು. ಸಕ್ಕರೆ ಕಾಯಿಲೆ ಉಂಟು, ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಮೊಣಕಾಲು ನೋವೂ ಉಂಟು.

ತಮ್ಮ ಟಿಕೆಟ್ ಪ್ರಿಂಟ್ ತೆಗೆದು ಅಮ್ಮನಿಗೆ ಓದಿ ಹೇಳಿದ್ದಾನೆ. ಹೋಗುವಾಗ ಮಂಗಳೂರಿನಿಂದ ಬೆಳಿಗ್ಗೆ 8:15ಕ್ಕೆ ಹೊರಟು ದುಬೈಗೆ 10:15. ಆಗಸ್ಟ್‌ನಲ್ಲಿ ಬರುವಾಗ ದುಬೈನಿಂದ 11:15ಕ್ಕೆ ಹೊರಟು ಮಂಗಳೂರಿಗೆ ಸಂಜೆ 4:05. ಅಮ್ಮ ಫೋನ್ ಮಾಡಿ ಕೇಳಿದರು: "ಹೋಗಲಿಕ್ಕೆ ಎರಡು ಗಂಟೆ, ಬರಲಿಕ್ಕೆ ಐದು ಗಂಟೆ ಯಾಕೆ? ಬರುವಾಗ ಘಾಟಿ ಹತ್ತುವ ಹಾಗೆ ಎಂತದಾದರೂ ಉಂಟಾ? ಇಲ್ಲ ಮಧ್ಯದಲ್ಲಿ ಎಲ್ಲಿಯಾದರೂ ನಿಲ್ಲಿಸುತ್ತಾರಾ?" ಸಮಯದ ವ್ಯತ್ಯಾಸ ಅಂತ ನನಗೆ ಗೊತ್ತು, ಆದರೆ ಅವರಿಗೆ ಅರ್ಥವಾಗುವ ಹಾಗೆ ಹೇಳಲು ಬರಲಿಲ್ಲ.

ದೂರ ಎಷ್ಟು ಅಂತ ನೆಟ್‌ನಲ್ಲಿ ನೋಡಿದರೆ ಒಂದು ಕಡೆ 2,465, ಇನ್ನೊಂದು ಕಡೆ 1,530, ಮತ್ತೊಂದು ಕಡೆ 1,330 ಅಂತ ಉಂಟು. ಯಾವುದು ಸರಿ? ವಿಮಾನದಲ್ಲಿ ನಿಜವಾಗಿ ಎಷ್ಟು ಹೊತ್ತು ಕೂತಿರಬೇಕು? ಮಳೆಗಾಲದಲ್ಲಿ ವಾಪಸ್ ಬರುವುದು ಸರಿಯಾ? ಅಪ್ಪ ಅಮ್ಮನನ್ನು ಹೀಗೆ ಒಬ್ಬರನ್ನೇ ಕರೆಸಿಕೊಂಡವರು ದಯವಿಟ್ಟು ನಿಮ್ಮ ಅನುಭವ ಬರೆಯಿರಿ.

ಶಾರ್ಜಾ (ಊರು ಸುಳ್ಯ)

ತಂಗಿ, ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ಮುಟ್ಟುವ ಹೊತ್ತು ಮುಟ್ಟುವ ಊರಿನ ಗಡಿಯಾರದ್ದು. ದುಬೈ ಗಡಿಯಾರ ನಮ್ಮ ಊರಿಗಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿ ಬೇಸಿಗೆಗೆ ಒಂದು, ಚಳಿಗೆ ಒಂದು ಅಂತ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ, ವರ್ಷವಿಡೀ ಅದೇ ಒಂದೂವರೆ ಗಂಟೆ.

ಅಮ್ಮನಿಗೆ ಹೀಗೆ ಹೇಳಿ. "ಕೈಗಡಿಯಾರ ಮುಟ್ಟಬೇಡಿ, ಊರಿನ ಸಮಯದಲ್ಲೇ ಇರಲಿ. ಎಂಟೂಕಾಲಿಗೆ ವಿಮಾನ ಹೊರಟರೆ ನಿಮ್ಮ ಗಡಿಯಾರದಲ್ಲಿ ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ಇಳಿಯುತ್ತೀರಿ." ಅಂದರೆ ಮೂರೂವರೆ ಗಂಟೆ. ಬರುವಾಗ ಅವರ ಗಡಿಯಾರದಲ್ಲಿ 12:45ಕ್ಕೆ ಹೊರಟು 4:05ಕ್ಕೆ ಇಳಿಯುವುದು, ಮೂರು ಗಂಟೆ ಇಪ್ಪತ್ತು ನಿಮಿಷ. ಹೋಗುವಾಗ ಟಿಕೆಟ್ ಒಂದೂವರೆ ಗಂಟೆ ನುಂಗುತ್ತದೆ, ಬರುವಾಗ ಅದನ್ನೇ ಸೇರಿಸಿ ತೋರಿಸುತ್ತದೆ. ನನ್ನ ಅತ್ತೆಗೂ ಇದೇ ಗೊಂದಲ ಆಗಿತ್ತು. ಬರೆದು ತೋರಿಸಿದ್ದಕ್ಕಿಂತ, ಗಡಿಯಾರ ಮುಟ್ಟಬೇಡಿ ಅಂದದ್ದೇ ಅವರಿಗೆ ಬೇಗ ಹಿಡಿಸಿತು.

ದೂರದ ಮೂರೂ ಅಂಕಿಗಳು ಸರಿಯೇ. 2,465 ಕಿಲೋಮೀಟರ್, 1,530 ಮೈಲು, 1,330 ನಾಟಿಕಲ್ ಮೈಲು. ಮೂರೂ ಒಂದೇ ದೂರ, ಅಳತೆ ಮಾತ್ರ ಬೇರೆ. ವಿಮಾನದವರ ಲೆಕ್ಕ ನಾಟಿಕಲ್ ಮೈಲಿನಲ್ಲಿ. ಒಂದು ನಾಟಿಕಲ್ ಮೈಲು ಅಂದರೆ 1.852 ಕಿಲೋಮೀಟರ್.

ಉಡುಪಿ (ನಿವೃತ್ತ ಶಿಕ್ಷಕ)

ಮೇಲಿನವರು ಗಡಿಯಾರದ ಮಾತು ಹೇಳಿದರು. ಸೂರ್ಯನ ಮಾತನ್ನೂ ಸೇರಿಸುತ್ತೇನೆ. ಮೂವತ್ತು ವರ್ಷ ಎಂಟನೇ ತರಗತಿಗೆ ರೇಖಾಂಶ ಕಲಿಸಿದವನು, ಮಂಗಳೂರು ಮತ್ತು ದುಬೈ ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ. ಯಾಕೆಂದರೆ ನಮ್ಮ ತರಗತಿಯಲ್ಲಿ ಅಪ್ಪನೋ ಮಾವನೋ ದುಬೈಯಲ್ಲಿ ಇಲ್ಲದ ಮಕ್ಕಳು ಕಡಿಮೆ.

ಮಂಗಳೂರು ಸುಮಾರು 74.9 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ದುಬೈ 55.4ರಲ್ಲಿ. ಹತ್ತೊಂಬತ್ತೂವರೆ ಡಿಗ್ರಿ ವ್ಯತ್ಯಾಸ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ 78 ನಿಮಿಷ. ಅಂದರೆ ಮಂಗಳೂರಿನಲ್ಲಿ ಸೂರ್ಯ ನೆತ್ತಿಗೆ ಬಂದು 78 ನಿಮಿಷ ಕಳೆದ ಮೇಲೆ ದುಬೈಯಲ್ಲಿ ನೆತ್ತಿಗೆ ಬರುತ್ತಾನೆ. ಆದರೆ ಗಡಿಯಾರಗಳ ನಡುವೆ 90 ನಿಮಿಷ. ಈ 12 ನಿಮಿಷ ಎಲ್ಲಿಂದ ಬಂತು ಅಂತ ಮಕ್ಕಳು ಕೇಳಬೇಕು, ಕೇಳಿದ ವರ್ಷ ನನಗೆ ಹಬ್ಬ. ನಮ್ಮ ದೇಶದ ಸಮಯ 82.5 ಡಿಗ್ರಿಯದ್ದು, ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ ರೇಖೆ. ಆದ್ದರಿಂದ ಕರಾವಳಿಯಲ್ಲಿ ಗಡಿಯಾರ ಸೂರ್ಯನಿಗಿಂತ 30 ನಿಮಿಷ ಮುಂದೆ ಓಡುತ್ತದೆ. ದುಬೈ ಸಮಯ 60 ಡಿಗ್ರಿಯದ್ದು, ಅಲ್ಲಿ ಗಡಿಯಾರ 18 ನಿಮಿಷ ಮುಂದೆ. ಮೂವತ್ತರಲ್ಲಿ ಹದಿನೆಂಟು ಕಳೆದರೆ ಹನ್ನೆರಡು.

ತಾಯಿಯವರಿಗೆ ಇದೆಲ್ಲ ಬೇಡ. ಆದರೆ ಒಂದು ಮಾತು ಹೇಳಿಡಿ. ಮೇ ಕೊನೆಗೆ ದುಬೈಯಲ್ಲಿ ಬೆಳಿಗ್ಗೆ ಐದೂವರೆಗೇ ಸೂರ್ಯ ಹುಟ್ಟಿರುತ್ತಾನೆ. ಎಚ್ಚರವಾಗಿ ಗಾಬರಿಯಾಗುವುದು ಬೇಡ.

ಬೆಂಗಳೂರು (ವಿಮಾನಗಳ ಹಾರಾಟ ಯೋಜನೆ ಮಾಡುವ ವಿಭಾಗದಲ್ಲಿ ಕೆಲಸ)

"ನಿಜವಾಗಿ ಎಷ್ಟು ಹೊತ್ತು" ಅಂತ ಕೇಳಿದ್ದೀರಿ. ನಮ್ಮ ಕೆಲಸವೇ ಅದು, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮಂಗಳೂರಿನ ರನ್‌ವೇ 2,450 ಮೀಟರ್. ಅಲ್ಲಿಂದ ಕೊಲ್ಲಿಗೆ ಹೋಗುವುದು ಬೋಯಿಂಗ್ 737 ಅಥವಾ ಏರ್‌ಬಸ್ 320 ಜಾತಿಯ ವಿಮಾನಗಳು. ಮಧ್ಯೆ ಒಂದೇ ಓಣಿ, ಎರಡೂ ಕಡೆ ಮೂರು ಮೂರು ಸೀಟು. ಮೇಲೆ ಹೋದ ಮೇಲೆ ಇವುಗಳ ವೇಗ, ಗಾಳಿ ಇಲ್ಲದಿದ್ದರೆ, ಗಂಟೆಗೆ 830ರಿಂದ 840 ಕಿಲೋಮೀಟರ್. 2,465 ಕಿಲೋಮೀಟರಿಗೆ ಮೂರು ಗಂಟೆಯ ಹತ್ತಿರ ಆಯಿತು. ಏರುವಾಗ ಇಳಿಯುವಾಗ ವೇಗ ಕಡಿಮೆ, ದಾರಿಯೂ ನೇರ ಗೆರೆಯಲ್ಲ, ಗೊತ್ತುಪಡಿಸಿದ ಬಿಂದುಗಳ ಮೇಲೆ ಹಾದು ಹೋಗಬೇಕು. ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ. ಉಳಿದದ್ದು ನೆಲದ ಮೇಲೆ ಉರುಳುವ ಸಮಯ. ದುಬೈ ತುಂಬ ಬಿಡುವಿಲ್ಲದ ನಿಲ್ದಾಣ, ಇಳಿದ ಮೇಲೂ ಗೇಟ್ ಮುಟ್ಟಲು ಹತ್ತು ಹದಿನೈದು ನಿಮಿಷ ಹೋಗುವುದುಂಟು. ಟಿಕೆಟ್‌ನಲ್ಲಿ ಬರೆಯುವುದು ಗೇಟ್ ಬಿಟ್ಟಲ್ಲಿಂದ ಗೇಟ್ ಮುಟ್ಟುವವರೆಗಿನ ಸಮಯ, ನಾವು ಬ್ಲಾಕ್ ಟೈಮ್ ಅನ್ನುತ್ತೇವೆ. ಹಾಗಾಗಿ ಗಾಳಿಯಲ್ಲಿ ಇರುವುದು ಮೂರೂಕಾಲು ಗಂಟೆಯ ಆಸುಪಾಸು.

ಘಾಟಿ ಉಂಟಾ ಅಂತ ಅಮ್ಮ ಕೇಳಿದ್ದು ನನಗೆ ಬಹಳ ಹಿಡಿಸಿತು, ಯಾಕೆಂದರೆ ಒಂದು ಲೆಕ್ಕದಲ್ಲಿ ಉಂಟು. ಗಾಳಿಯೇ ಆ ಘಾಟಿ. ಚಳಿಗಾಲದಲ್ಲಿ ಒಮಾನ್, ದುಬೈ ಮೇಲೆ ಎತ್ತರದಲ್ಲಿ ಪಶ್ಚಿಮದಿಂದ ಜೋರು ಗಾಳಿ ಇರುತ್ತದೆ. ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ಅದಕ್ಕೇ ಡಿಸೆಂಬರ್, ಜನವರಿಯಲ್ಲಿ ಊರಿಗೆ ಬರುವ ವಿಮಾನ ಬೇಗ ಬಂದುಬಿಡುತ್ತದೆ. ಮಳೆಗಾಲದಲ್ಲಿ ಇದು ತಿರುಗುಮುರುಗು. ನೆಲದ ಹತ್ತಿರ ಮಳೆ ತರುವ ನೈಋತ್ಯದ ಗಾಳಿ ಬೀಸುತ್ತಿದ್ದರೆ, ಬಹಳ ಎತ್ತರದಲ್ಲಿ, ದಕ್ಷಿಣ ಭಾರತದ ಮೇಲೆಯೇ, ಪೂರ್ವದಿಂದ ಪಶ್ಚಿಮಕ್ಕೆ ಇನ್ನೊಂದು ಜೆಟ್ ಗಾಳಿ ಓಡುತ್ತಿರುತ್ತದೆ. ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1950ರ ದಶಕದಲ್ಲಿ ಇದನ್ನು ಗುರುತಿಸಿದರು. ಅದರ ತೀವ್ರತೆ ಇರುವುದು 14 ಕಿಲೋಮೀಟರಿಗಿಂತ ಮೇಲೆ, ನಮ್ಮ ವಿಮಾನಗಳು ಹಾರುವುದು ಹತ್ತು ಹನ್ನೊಂದು ಕಿಲೋಮೀಟರಿನಲ್ಲಿ. ಆದರೂ ಅದರ ಅಂಚು ತಾಗುತ್ತದೆ. ಆಗಸ್ಟ್‌ನಲ್ಲಿ ಅಮ್ಮ ಬರುವಾಗ ಕೊನೆಯ ಒಂದು ಗಂಟೆ ಆ ಗಾಳಿ ಎದುರು ಸಿಕ್ಕಿ ಕೆಲವು ನಿಮಿಷ ಹೆಚ್ಚು ಹಿಡಿದರೆ ಅದು ಸಹಜ.

ಇನ್ನೊಂದು ಸಣ್ಣ ವಿಷಯ. ಪಶ್ಚಿಮಕ್ಕೆ ಹೋಗುವ ವಿಮಾನಗಳು 34,000, 36,000 ಹೀಗೆ ಸಮಸಂಖ್ಯೆಯ ಎತ್ತರದಲ್ಲಿ ಹೋಗುತ್ತವೆ, ಪೂರ್ವಕ್ಕೆ ಬರುವವು 35,000, 37,000 ಅಡಿಯಲ್ಲಿ. ಎದುರುಬದುರು ಬರುವವರ ನಡುವೆ ಸಾವಿರ ಅಡಿ ಅಂತರ ಇರಲಿ ಅಂತ. "ಎದುರಿಂದ ಇನ್ನೊಂದು ವಿಮಾನ ಬಂದರೆ?" ಅಂತ ಅಮ್ಮ ಕೇಳಿದರೆ ಇದನ್ನು ಹೇಳಿ. ನನ್ನ ಅಜ್ಜಿ ಕೇಳಿದ್ದರು.

ಅಬುಧಾಬಿ (ನರ್ಸ್, ಊರು ಶಿರ್ವ)

ಇನ್ಸುಲಿನ್ ಬಗ್ಗೆ ಯಾರೂ ಬರೆದಿಲ್ಲ, ನನಗೆ ಅದೇ ಮುಖ್ಯ ಅನಿಸುತ್ತದೆ.

ಒಂದೂವರೆ ಗಂಟೆಯ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಡೋಸ್ ಬದಲಿಸುವ ಅಗತ್ಯ ಬೀಳುವುದಿಲ್ಲ. ಅಪಾಯ ಇರುವುದು ಬೇರೆ ಕಡೆ. ಅಮ್ಮ ಎಂಟೂಕಾಲಿನ ವಿಮಾನಕ್ಕೆ ಮೂರು ಗಂಟೆಗೆ ಏಳುತ್ತಾರೆ. "ಹೇಗೂ ಎದ್ದೆ" ಅಂತ ಮೂರೂವರೆಗೆ ಇನ್ಸುಲಿನ್ ಚುಚ್ಚಿಕೊಂಡು, ಹೊಟ್ಟೆಗೆ ಏನೂ ಸೇರದೆ ಕಾರು ಹತ್ತಿದರೆ, ಏರ್‌ಪೋರ್ಟ್ ಸಾಲಿನಲ್ಲೇ ಸಕ್ಕರೆ ಇಳಿದುಬಿಡಬಹುದು. ನನ್ನ ಅಪ್ಪನಿಗೆ ಹೀಗೇ ಆಯಿತು. ಇಮಿಗ್ರೇಶನ್ ಸಾಲಿನಲ್ಲಿ ಬೆವರು, ಕೈ ನಡುಕ. ಹಿಂದೆ ನಿಂತಿದ್ದ ಒಬ್ಬ ತಾಯಿ ಮಗುವಿಗಂತ ತಂದಿದ್ದ ಜ್ಯೂಸ್ ಕುಡಿಸಿದರು. ಆಕೆ ಯಾರು ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ. ಅಮ್ಮನ ಡಾಕ್ಟರ ಹತ್ತಿರ ಈ ಒಂದು ದಿನದ ಬಗ್ಗೆಯೇ ಕೇಳಿ ಬರೆಸಿಕೊಳ್ಳಿ: ಎಷ್ಟು ಗಂಟೆಗೆ ಚುಚ್ಚಬೇಕು, ಎಷ್ಟು, ಅದರ ಹಿಂದೆ ಏನು ತಿನ್ನಬೇಕು ಅಂತ. ವಿಮಾನದಲ್ಲಿ ತಿಂಡಿ ಕೊಡುತ್ತಾರೆ ಅಂತ ನಂಬಿ ಕೂರಬೇಡಿ, ಕೆಲವು ಟಿಕೆಟ್‌ಗಳಲ್ಲಿ ಊಟ ಮೊದಲೇ ಬುಕ್ ಮಾಡಿದರೆ ಮಾತ್ರ. ಎರಡು ಇಡ್ಲಿಯೋ ಚಪಾತಿಯೋ ಕೈಚೀಲದಲ್ಲಿ ಇರಲಿ, ಜೊತೆಗೆ ನಾಲ್ಕು ಪೆಪ್ಪರ್‌ಮಿಂಟ್. ಇಳಿಯುವಾಗ ಕಿವಿ ಕಟ್ಟಿದರೆ ಅದನ್ನೇ ಚೀಪಬಹುದು.

ಇನ್ಸುಲಿನ್ ಯಾವ ಕಾರಣಕ್ಕೂ ದೊಡ್ಡ ಪೆಟ್ಟಿಗೆಗೆ ಹೋಗಬಾರದು. ಕೆಳಗಿನ ಲಗೇಜು ಜಾಗದ ಚಳಿಗೆ ಅದು ಹೆಪ್ಪುಗಟ್ಟಿ ಕೆಡಬಹುದು, ಪೆಟ್ಟಿಗೆ ತಡವಾಗಿ ಬಂದರಂತೂ ಕಷ್ಟ. ಸೂಜಿ, ಪೆನ್, ಡಾಕ್ಟರ ಚೀಟಿ ಎಲ್ಲ ಕೈಚೀಲದಲ್ಲೇ. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ ಇದ್ದರೆ ತರಲೇಬೇಡಿ. ಯುಎಇಯಲ್ಲಿ ಅವು ನಿಯಂತ್ರಿತ ಔಷಧಿಗಳು, ಮುಂಗಡ ಅನುಮತಿ ಬೇಕು. ಮೊಣಕಾಲು ನೋವಿಗೆ ಅಮ್ಮ ಏನು ನುಂಗುತ್ತಾರೆ ಅಂತ ಮಾತ್ರೆಯ ಹಾಳೆಯ ಫೋಟೋ ತರಿಸಿ ನೋಡಿ.

ಮೂರೂವರೆ ಗಂಟೆ ಕೂರುವುದು ದೊಡ್ಡ ವಿಷಯವಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಚಿಂತೆ ಹೆಚ್ಚುವುದು ನಾಲ್ಕು ಗಂಟೆ ದಾಟಿದ ಪ್ರಯಾಣಗಳಲ್ಲಿ. ಆದರೂ ಮಧ್ಯದಲ್ಲಿ ಒಮ್ಮೆ ಎದ್ದು ಶೌಚಾಲಯದವರೆಗೆ ನಡೆದುಬರಲಿ, ಅದಕ್ಕೆ ಓಣಿ ಬದಿಯ ಸೀಟೇ ಒಳ್ಳೆಯದು. ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟು, ಅಂದರೆ ಹೆಚ್ಚುಕಮ್ಮಿ ಮುಳ್ಳಯ್ಯನಗಿರಿ ತುದಿಯಲ್ಲಿ ಕೂತ ಹಾಗೆ. ಗಾಳಿ ತುಂಬ ಒಣ, ನೀರು ಕುಡಿಯುತ್ತಿರಲಿ.

ಭಟ್ಕಳ

ನಮ್ಮ ಊರಿನಲ್ಲಿ ದುಬೈಗೆ ಹೋಗುವುದು ಅಂದರೆ ಕುಂದಾಪುರಕ್ಕೆ ಹೋಗಿಬಂದಷ್ಟು ಸಲೀಸು, ಆದರೂ ಮೊದಲ ಸಲದ್ದು ಮೊದಲ ಸಲವೇ. ನನ್ನ ತಾಯಿಯನ್ನು ಕರೆದುಕೊಂಡು ಹೋದದ್ದು ರಂಜಾನ್ ತಿಂಗಳಲ್ಲಿ, ಮಾರ್ಚ್‌ನಲ್ಲಿ. ಸಂಜೆ ಐದೂಕಾಲಿನ ವಿಮಾನ. ಊರಿನಲ್ಲಿ ಆರೂ ನಲವತ್ತಕ್ಕೆಲ್ಲ ಉಪವಾಸ ಬಿಡುವ ಹೊತ್ತು. ತಾಯಿ ಆ ಲೆಕ್ಕದಲ್ಲೇ ಖರ್ಜೂರವನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಕೈಯಲ್ಲಿ ಹಿಡಿದು ಕೂತಿದ್ದರು. ಆರೂ ನಲವತ್ತಾಯಿತು, ಕಿಟಕಿಯಾಚೆ ಸೂರ್ಯ ಎರಡು ಗೇಣು ಮೇಲೆಯೇ ಇದ್ದಾನೆ. ಏಳಾಯಿತು, ಏಳೂಕಾಲಾಯಿತು, ಕೆಳಗೆ ಸಮುದ್ರವೆಲ್ಲ ಕೆಂಪು, ಸೂರ್ಯ ಮಾತ್ರ ಮುಳುಗುತ್ತಿಲ್ಲ. ವಿಮಾನದಲ್ಲಿ ಇರುವವರಿಗೆ ವಿಮಾನದಿಂದ ಕಾಣುವ ಸೂರ್ಯಾಸ್ತವೇ ಲೆಕ್ಕ. ಕಿಟಕಿ ಬದಿಯ ಹಿರಿಯರೊಬ್ಬರು ಕಣ್ಣು ಕೀಳದೆ ನೋಡುತ್ತಿದ್ದರು. ಊರಿನ ಗಡಿಯಾರದಲ್ಲಿ ಏಳೂಮುಕ್ಕಾಲಿನ ಸುಮಾರಿಗೆ ಅವರು ತಲೆ ಆಡಿಸಿದರು. ಆ ಸಾಲಿನವರೆಲ್ಲ ಒಟ್ಟಿಗೆ ಖರ್ಜೂರ ಬಾಯಿಗಿಟ್ಟೆವು. ಪಕ್ಕದ ಸೀಟಿನ ಮಂಗಳೂರಿನ ಹುಡುಗ ಅಷ್ಟು ಹೊತ್ತೂ ತನ್ನ ತಿಂಡಿ ಮುಟ್ಟದೆ ನಮಗಾಗಿ ಕಾದಿದ್ದ.

ಪಶ್ಚಿಮಕ್ಕೆ ಹೋಗುವವರು ಸೂರ್ಯನ ಹಿಂದೆಯೇ ಓಡುತ್ತಿರುತ್ತೇವೆ, ಅದಕ್ಕೆ ಹೀಗೆ. ನಿಮ್ಮ ತಾಯಿ ಏಕಾದಶಿ, ಸೋಮವಾರ ಅಂತ ಉಪವಾಸ ಮಾಡುವವರಾದರೆ ಪ್ರಯಾಣದ ದಿನ ಬೇಡ ಅಂತ ಹೇಳಿ. ಸಕ್ಕರೆ ಇರುವವರಿಗೆ ಈ ಒಂದು ಗಂಟೆಯೂ ದೊಡ್ಡದೇ.

ಕುಂದಾಪುರ (ಮಗಳು ದುಬೈಯಲ್ಲಿ)

ಲಗೇಜಿನ ಬಗ್ಗೆ ನಾನು ಬರೀತೆ. ಮಗಳ ಬಾಣಂತನಕ್ಕೆ ಹೋಗುವಾಗ ನನ್ನ ಪೆಟ್ಟಿಗೆಯಲ್ಲಿ ಗಸಗಸೆ ಇತ್ತು, ಪಾಯಸಕ್ಕೆ ಅಂತ. ಹೊರಡುವ ಹಿಂದಿನ ರಾತ್ರಿ ಅಳಿಯ ಫೋನಿನಲ್ಲಿ ಒಂದೊಂದೇ ಹೆಸರು ಕೇಳುತ್ತಾ ಬಂದು, ಗಸಗಸೆ ಅಂದ ಕೂಡಲೇ "ಅತ್ತೆ, ಅದನ್ನ ಈಗಲೇ ತೆಗೆದಿಡಿ" ಅಂದರು. ಯುಎಇಯಲ್ಲಿ ಗಸಗಸೆ ಮಾದಕ ವಸ್ತುವಿನ ಲೆಕ್ಕ, ಜೈಲಿಗೆ ಹೋದವರಿದ್ದಾರೆ. ನಮಗೆ ಅದು ಮಸಾಲೆ ಡಬ್ಬಿಯ ಸಾಮಾನು, ಹಾಗಾಗಿ ನೆನಪೇ ಆಗುವುದಿಲ್ಲ. ಮಸಾಲೆ ಪುಡಿಗೆ ಹಾಕಿದ್ದೀರಾ ಅಂತಲೂ ನೋಡಿ.

ಅಮ್ಮ ಎಲೆ ಅಡಿಕೆ ಹಾಕುವವರಾ? ವೀಳ್ಯದೆಲೆ, ಪಾನ್ ಸಾಮಗ್ರಿ ಕೂಡ ಅಲ್ಲಿನ ನಿಷೇಧದ ಪಟ್ಟಿಯಲ್ಲಿ ಉಂಟು. ನಮ್ಮ ಕಡೆಯ ಹೆಂಗಸರ ಸೆರಗಿನ ಗಂಟಿನಲ್ಲಿ ಎರಡು ಎಲೆ, ಒಂದು ಹೋಳು ಅಡಿಕೆ ಇದ್ದೇ ಇರುತ್ತದೆ, ಅದನ್ನೂ ಬಿಚ್ಚಿ ನೋಡಿ. ಒಣ ಕೊಬ್ಬರಿ ಬೇಡ. ಅದರ ಎಣ್ಣೆಯಂಶದಿಂದ ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು ಅಂತ ವಿಮಾನದವರು ಅದನ್ನು ಅಪಾಯದ ಸರಕಿನಲ್ಲಿ ಸೇರಿಸಿದ್ದಾರೆ. ಉಪ್ಪಿನಕಾಯಿ ಕೈಚೀಲದಲ್ಲಿ ಇದ್ದರೆ ಸೆಕ್ಯೂರಿಟಿಯಲ್ಲಿ ತೆಗೆಸುತ್ತಾರೆ. ಹಲಸಿನ ಹಪ್ಪಳ, ಸಂಡಿಗೆ ಆರಾಮಾಗಿ ತೆಗೆದುಕೊಂಡು ಹೋದೆ. ಮಗಳು ಮೊದಲು ಬಿಚ್ಚಿದ್ದು ಹಪ್ಪಳದ ಕಟ್ಟನ್ನೇ.

ಹುಬ್ಬಳ್ಳಿ

ನಮ್ಮ ಕಡೆಯಿಂದ ನೇರ ವಿಮಾನ ಇಲ್ಲ ಅಂತ ಅವ್ವನ್ನ ಬೆಂಗಳೂರಿನ ಮ್ಯಾಲೆ ಕಳಸಿದ್ವಿ. ಬೆಂಗಳೂರಿಂದ ದುಬೈ 2,700 ಕಿಲೋಮೀಟರ್, ನಾಲ್ಕು ತಾಸಿನ ಹಾರಾಟ. ಅದಲ್ಲ ಕಷ್ಟ ಆಗಿದ್ದು. ನಡುವ ಐದು ತಾಸು ಕಾಯೂದು, ಒಂದು ಕಡೆಯಿಂದ ಇನ್ನೊಂದು ಕಡೆ ನಡಿಯೂದು, ಅದರಾಗ ಅವ್ವ ಸುಸ್ತಾದ್ಳು. ರೊಕ್ಕ ಒಂದೆರಡು ಸಾವಿರ ಹೆಚ್ಚಾದ್ರೂ ನೇರ ವಿಮಾನನ ಛಲೋ ರೀ. ನಿಮಗ ಮಂಗಳೂರಾಗ ಅದು ಐತಿ, ಪುಣ್ಯ ಮಾಡೀರಿ. ಗಾಲಿ ಕುರ್ಚಿ ಮಾತ್ರ ಎರಡು ದಿನ ಮೊದಲ ಹೇಳಿ ಬರೆಸ್ರಿ. ದುಡ್ಡಿಗಲ್ಲ, ನಾಚಿಕಿಗೆ ನಮ್ಮವ್ವ ಬ್ಯಾಡ ಅಂದಿದ್ಲು. ಆಮ್ಯಾಲೆ ಆ ಹುಡುಗನ ಇಮಿಗ್ರೇಶನ್‌ದಾಗ, ಲಗೇಜಿನ ಕಡೆ, ಎಲ್ಲಾ ಕಡೆ ಜೋಡಿ ನಿಂತು ಕರಕೊಂಡು ಬಂದ. ಒಬ್ಬರೇ ಬರೋರಿಗೆ ಅದು ಕುರ್ಚಿ ಅಲ್ಲ, ಜೊತಿ.

ಕಾರ್ಕಳ

ಮಳೆಗಾಲದ ವಾಪಸಾತಿ ಬಗ್ಗೆ. ಮೂರು ವರ್ಷ ಹಿಂದೆ ಜುಲೈಯಲ್ಲಿ ಅಪ್ಪ ಅಮ್ಮನ ಜೊತೆ ಬರುತ್ತಿದ್ದೆ. ಬಜಪೆ (ಮಂಗಳೂರು ವಿಮಾನ ನಿಲ್ದಾಣ ಇರುವ ಊರು) ಹತ್ತಿರ ಬಂದಾಗ ಕಿಟಕಿಯಲ್ಲಿ ಬಿಳಿ ಬಿಟ್ಟರೆ ಏನೂ ಇಲ್ಲ. ಇಳಿಯುತ್ತಾ ಬಂದ ವಿಮಾನ ಗುಡುಗಿನಂಥ ಸದ್ದು ಮಾಡಿ ಮತ್ತೆ ಮೇಲೇರಿತು. ಅಮ್ಮ ನನ್ನ ಕೈಯನ್ನು ಉಗುರು ಊರುವಷ್ಟು ಹಿಡಿದರು. ಇನ್ನೊಮ್ಮೆ ಪ್ರಯತ್ನ ಮಾಡಿ, ಆಗದೆ, ಬೆಂಗಳೂರಿಗೆ ಹೋಗಿ ಇಳಿದು, ಮಳೆ ನಿಂತ ಮೇಲೆ ವಾಪಸ್ ಬಂದೆವು. ಮೂರು ಗಂಟೆ ಇಪ್ಪತ್ತು ನಿಮಿಷದ ಪ್ರಯಾಣ ಎಂಟು ಗಂಟೆಯಾಯಿತು.

ನಮ್ಮ ಕರಾವಳಿಯವರಿಗೆ ಯಾಕೆ ಆ ಭಯ ಅಂತ ಬಿಡಿಸಿ ಹೇಳಬೇಕಾಗಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ರನ್‌ವೇ ಮೀರಿ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು, ಎಂಟೇ ಜನ ಉಳಿದರು. ನಮ್ಮ ಬೀದಿಯಲ್ಲೂ ಒಂದು ಮನೆ ಉಂಟು. ಆದರೆ ಆ ತನಿಖೆ ಹೇಳಿದ್ದೇನು ಅಂತ ಅಮ್ಮನಿಗೆ ಆಮೇಲೆ ವಿವರಿಸಿದೆ: ಅಂದು ಇಳಿಯುವ ಕ್ರಮ ಸರಿಯಿರಲಿಲ್ಲ, ಸಹ ಪೈಲಟ್ ಎಚ್ಚರಿಸಿದ್ದರು, ಆಗಲೇ ಮೇಲೇರಿ ಹೋಗಬೇಕಿತ್ತು. ಅಂದರೆ ಇಳಿಯಲು ಬಂದ ವಿಮಾನ ಮತ್ತೆ ಮೇಲೇರಿದರೆ ಅದು ಅಪಾಯದ ಲಕ್ಷಣವಲ್ಲ, ಪೈಲಟ್ ಜಾಗ್ರತೆ ಮಾಡುತ್ತಿದ್ದಾರೆ ಅಂತ ಅರ್ಥ. ಬೇರೆ ಊರಿಗೆ ಹೋಗುವಷ್ಟು ಇಂಧನ ಮೊದಲೇ ತುಂಬಿಸಿಕೊಂಡೇ ಹೊರಟಿರುತ್ತಾರೆ. ನಿಮ್ಮ ಅಮ್ಮನಿಗೆ ಇದನ್ನು ಇಲ್ಲಿ ನೆಲದ ಮೇಲೆ ಕೂತಿರುವಾಗಲೇ ಹೇಳಿ, ಮೇಲೆ ಹೋದ ಮೇಲೆ ಹೇಳುವವರು ಯಾರೂ ಇರುವುದಿಲ್ಲ. ಆಗಸ್ಟ್‌ನ ಆ ದಿನ ಒಂದು ಹೊತ್ತಿನ ಔಷಧಿ, ಸ್ವಲ್ಪ ತಿಂಡಿ ಹೆಚ್ಚಿಗೆ ಕೈಚೀಲದಲ್ಲಿ ಇರಲಿ.

ಮತ್ತೆ ದಾರಿ. ಪುತ್ತೂರಿನಿಂದ ಮಾಣಿ, ಕಲ್ಲಡ್ಕ, ಬಿ.ಸಿ. ರೋಡ್. ಅಲ್ಲಿಂದ ಮಂಗಳೂರು ಪೇಟೆಗೆ ಹೋಗದೆ ಪೊಳಲಿ, ಕೈಕಂಬ ಮೇಲೆ ಬಜಪೆಗೆ ಹೋಗಿ.

ಮಂಗಳೂರು (ತಂದೆ ಕೊಲ್ಲಿಯಲ್ಲಿ 22 ವರ್ಷ ಇದ್ದವರು)

ಎಲ್ಲ ಓದಿದೆ. ನನ್ನ ತಂದೆ 1973ರಲ್ಲಿ ದುಬೈಗೆ ಹೋದದ್ದು ಬೊಂಬಾಯಿಯಿಂದ, 'ದ್ವಾರಕಾ' ಅನ್ನುವ ಹಡಗಿನಲ್ಲಿ, ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು. ಕರಾಚಿ, ಮಸ್ಕತ್ ಎಲ್ಲ ಮುಟ್ಟಿಕೊಂಡು ಹೋಗುವುದರಲ್ಲಿ ವಾರ ಹಿಡಿಯಿತು ಅಂತ ಹೇಳುತ್ತಿದ್ದರು. ಆ ಹಡಗಿನ ಓಡಾಟ 1982ರವರೆಗೂ ಇತ್ತು. ಮಂಗಳೂರಿನಿಂದಲೇ ವಿದೇಶಕ್ಕೆ ವಿಮಾನ ಶುರುವಾದದ್ದು 2006ರಲ್ಲಿ. ಆ ವರ್ಷ ತಂದೆ ಊರಿಗೆ ಬಂದು ಸಂಜೆ ಮನೆಯ ಜಗಲಿಯಲ್ಲಿ ಕೂತು, "ಬೆಳಿಗ್ಗೆ ಅಲ್ಲಿ ಚಹಾ ಕುಡಿದೆ" ಅಂತ ಎರಡು ಮೂರು ಸಲ ಹೇಳಿದರು.

ನಾನು ಹೇಳಬೇಕಾದ್ದು ಒಂದು. ವಿಮಾನದ ಮೂರೂವರೆ ಗಂಟೆ ಇಡೀ ಪ್ರಯಾಣದಲ್ಲಿ ಸುಲಭದ ಭಾಗ. ಅಮ್ಮನಿಗೆ ಒಟ್ಟು ದಿನದ ಲೆಕ್ಕ ಹೇಳಿ. ನಾಲ್ಕಕ್ಕೆ ಮನೆ ಬಿಟ್ಟು ಐದೂಕಾಲಿಗೆ ಬಜಪೆ. ಎಂಟೂಕಾಲಿಗೆ ವಿಮಾನ, ಹನ್ನೊಂದೂಮುಕ್ಕಾಲಿಗೆ ದುಬೈ. ಇಮಿಗ್ರೇಶನ್, ಪೆಟ್ಟಿಗೆ ಅಂತ ಒಂದು ಗಂಟೆ, ನಿಮ್ಮ ಮನೆಗೆ ಅರ್ಧ ಗಂಟೆ. ಊರಿನ ಸಮಯದಲ್ಲಿ ಒಂದೂಕಾಲಿಗೆ ನಿಮ್ಮ ಮನೆಯಲ್ಲಿ ಊಟ. ಒಂಬತ್ತು ಗಂಟೆ ಹದಿನೈದು ನಿಮಿಷ. ಇಷ್ಟು ಹೊತ್ತು ಅಂತ ಮೊದಲೇ ಗೊತ್ತಿದ್ದರೆ ಅವರು ಅದಕ್ಕೆ ತಯಾರಾಗಿ ಬರುತ್ತಾರೆ.

ದುಬೈಯಲ್ಲಿ ಯಾವ ಟರ್ಮಿನಲ್ ಅಂತ ಟಿಕೆಟ್‌ನಲ್ಲಿ ನೋಡಿಕೊಳ್ಳಿ. ಎರಡನೇ ಟರ್ಮಿನಲ್ ರನ್‌ವೇಯ ಆಚೆ ಬದಿಗೆ, ಒಂದು ಮತ್ತು ಮೂರು ಈಚೆ ಬದಿಗೆ, ತಪ್ಪಿದರೆ ಸುತ್ತು ಹಾಕಬೇಕು. ಇಳಿದ ಮೇಲೆ ಅಮ್ಮ ಅಲ್ಲಿನ ವೈಫೈಯಿಂದ ವಾಟ್ಸಾಪ್ ಕರೆ ಮಾಡಲು ನೋಡಿದರೆ ಹೋಗುವುದಿಲ್ಲ, ಯುಎಇಯಲ್ಲಿ ಅದಕ್ಕೆ ತಡೆ ಉಂಟು. ದನಿ ಸಂದೇಶ ಹೋಗುತ್ತದೆ. "ಇಳಿದೆ" ಅಂತ ಒಂದು ವಾಯ್ಸ್ ಕಳಿಸಲು ಈಗಲೇ ಅಭ್ಯಾಸ ಮಾಡಿಸಿ. ನಿಮ್ಮ ನಂಬರು, ಮನೆ ವಿಳಾಸ ಕಾಗದದಲ್ಲಿ ದೊಡ್ಡದಾಗಿ ಬರೆದು ಪಾಸ್‌ಪೋರ್ಟ್ ಒಳಗಿಡಿ.

ಕರಾಮ, ದುಬೈ (ಪ್ರಶ್ನೆ ಕೇಳಿದವರು)

ಅಮ್ಮ ನಿನ್ನೆ ಬಂದರು! ಎಲ್ಲರಿಗೂ ಕೈಮುಗಿದು ಧನ್ಯವಾದ. ನಿಮ್ಮ ಉತ್ತರಗಳನ್ನೆಲ್ಲ ತಮ್ಮ ಅಮ್ಮನಿಗೆ ಓದಿ ಹೇಳಿದ್ದ, ಸೂರ್ಯ ಮುಳುಗದ ಕಥೆಯನ್ನು ಎರಡು ಸಲ ಓದಿಸಿಕೊಂಡರಂತೆ.

ವಿಮಾನ ಇಪ್ಪತ್ತು ನಿಮಿಷ ತಡವಾಗಿ ಹೊರಟರೂ ಐದು ನಿಮಿಷ ಮಾತ್ರ ತಡವಾಗಿ ಮುಟ್ಟಿತು. ಡಾಕ್ಟರು ಹೇಳಿದಂತೆ ಅಮ್ಮ ಇನ್ಸುಲಿನ್ ಏರ್‌ಪೋರ್ಟಿನಲ್ಲಿ ಇಡ್ಲಿ ಬಿಚ್ಚುವ ಮುಂಚೆ ತೆಗೆದುಕೊಂಡರು. ಗಸಗಸೆ ಇರಲಿಲ್ಲ, ಆದರೆ ಎಲೆ ಅಡಿಕೆ ನಿಜವಾಗಿಯೂ ಇತ್ತು, ಸೆರಗಿನಲ್ಲಲ್ಲ, ಕನ್ನಡಕದ ಪೆಟ್ಟಿಗೆಯಲ್ಲಿ. ತಮ್ಮ ಬಜಪೆಯಲ್ಲಿ ತೆಗೆಸಿದ. ಕುಂದಾಪುರದ ಅಮ್ಮನಿಗೆ ವಿಶೇಷ ಧನ್ಯವಾದ. ಗಾಲಿ ಕುರ್ಚಿ ತಳ್ಳಿಕೊಂಡು ಬಂದ ಹುಡುಗನ ಹೆಸರು, ಊರು, ತಾಯಿ ಎಲ್ಲಿದ್ದಾರೆ ಅಂತ ಎಲ್ಲ ಕೇಳಿ ತಿಳಿದುಕೊಂಡೇ ಹೊರಗೆ ಬಂದರು.

ಕೊನೆಯ ಅರ್ಧ ಗಂಟೆ ಸಮುದ್ರ ಮುಗಿದು ಮರ ಇಲ್ಲದ ಬೋಳು ಗುಡ್ಡಗಳು ಕಂಡವಂತೆ. "ಅದು ಯಾವ ಊರು? ಒಂದು ಹಸಿರು ಇಲ್ಲ" ಅಂತ ಕೇಳುತ್ತಿದ್ದಾರೆ. ಒಮಾನಿನ ಗುಡ್ಡಗಳಾ ಅವು?

ಒಂದೇ ಪ್ರಶ್ನೆ ಉಳಿದಿದೆ. ಆಗಸ್ಟ್ ವಾಪಸಾತಿಗೆ ಇನ್ನೂ ಬೇಗ ಮುಟ್ಟುವ ವಿಮಾನಕ್ಕೆ ಬದಲಿಸಲಾ, ಇದೇ ಇರಲಾ?

ಬೆಂಗಳೂರು (ವಿಮಾನಗಳ ಹಾರಾಟ ಯೋಜನೆ)

ಹೌದು, ಅವು ಒಮಾನಿನ ಹಜರ್ ಬೆಟ್ಟಗಳು. ಮಸ್ಕತ್ ಹತ್ತಿರ ನೆಲ ಮುಟ್ಟಿದ ಮೇಲೆ ದುಬೈಗೆ ಅರ್ಧ ಗಂಟೆ.

ಟಿಕೆಟ್ ಇದೇ ಇರಲಿ. ಸಂಜೆ 4:05 ಅಂದರೆ ಬೆಳಕು ಇರುವಾಗಲೇ ಇಳಿಯುತ್ತಾರೆ. ಒಂದು ವೇಳೆ ಮಳೆಯಿಂದ ಬೇರೆ ಊರಿಗೆ ಹೋಗಬೇಕಾಗಿ ಬಂದರೂ ರಾತ್ರಿಯೊಳಗೆ ವಾಪಸ್ ಬರುವ ಸಾಧ್ಯತೆ ಹೆಚ್ಚು. ಹೊರಡುವ ಹಿಂದಿನ ದಿನ ಇಲ್ಲಿ ಬರೆಯಿರಿ, ಗಾಳಿ ಮಳೆ ಹೇಗಿದೆ ಅಂತ ನೋಡಿ ಹೇಳುತ್ತೇನೆ.